ಹಸಿರು ಬೋರ್ಡಿನ ಹಿಂದೆ: ಕರಾವಳಿ ಹೆದ್ದಾರಿಯ ಫಾಸ್ಟ್‌ಫುಡ್, ಮಾಂಸದ ಮೂಲ ಮತ್ತು ಶ್ರಾವಕರ ಪ್ರಶ್ನೆ

ಚಳಿಗಾಲ ಬಂತೆಂದರೆ ಬೆಳಗಾವಿ, ಹುಬ್ಬಳ್ಳಿ, ಧಾರವಾಡ ಕಡೆಯ ಜೈನ ಕುಟುಂಬಗಳು ಕರಾವಳಿಯ ಕ್ಷೇತ್ರದರ್ಶನಕ್ಕೆ ಹೊರಡುತ್ತವೆ. ಕಾರ್ಕಳ, ಮೂಡುಬಿದಿರೆ, ವೇಣೂರು ಮುಗಿಸಿ ಉತ್ತರಕ್ಕೆ ತಿರುಗಿದರೆ ಭಟ್ಕಳದ ಚಂದ್ರನಾಥೇಶ್ವರ ಬಸದಿ, ಅದೇ ತಾಲೂಕಿನ ಹಾಡುವಳ್ಳಿ, ಮುಂದೆ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ನಗರ ಬಸ್ತಿಕೇರಿಯಲ್ಲಿ ಕಾಡಿನ ನಡುವಿನ ಚತುರ್ಮುಖ ಬಸದಿ. ಇನ್ನೂ ಮುಂದೆ ಹೋದರೆ ಕುಮಟಾ ತಾಲೂಕಿನಲ್ಲಿ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದಿರುವ ಮಿರ್ಜಾನ್ ಕೋಟೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಆ ಜೈನ ರಾಣಿಯ ನಾಡಿನಲ್ಲಿ ಇಂದು ಜೈನ ಮನೆಗಳು ಬೆರಳೆಣಿಕೆಯಷ್ಟು. ಆದ್ದರಿಂದ ಯಾತ್ರಿಕರಿಗೆ ಸಮಾಜದ ಮನೆಯ ಊಟ ಎಲ್ಲ ಕಡೆ ಸಿಗುವುದಿಲ್ಲ. ಹೆದ್ದಾರಿಯ ಹೋಟೆಲೇ ಗತಿ.

ಸಮಸ್ಯೆ ಶುರುವಾಗುವುದು ಸಂಜೆ ಐದರ ನಂತರ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕು. ಹಳೆಯ ಸಸ್ಯಾಹಾರಿ ಹೋಟೆಲುಗಳಲ್ಲಿ ಆ ಹೊತ್ತಿಗೆ ಊಟ ಇರುವುದಿಲ್ಲ, ದೋಸೆಯ ಪಲ್ಯದಲ್ಲಿ ಆಲೂಗಡ್ಡೆ-ಈರುಳ್ಳಿ ಇರುತ್ತದೆ. ಮಕ್ಕಳ ಕಣ್ಣು ಪಕ್ಕದ ಫಾಸ್ಟ್‌ಫುಡ್ ಅಂಗಡಿಯ ಮೇಲೆ. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾವರೆಗಿನ ಸುಮಾರು 60 ಕಿಲೋಮೀಟರ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ಫ್ರೈಡ್‌ರೈಸ್, ನೂಡಲ್ಸ್, ಗೋಬಿ ಮಂಚೂರಿ, ಶವರ್ಮಾ, ಬರ್ಗರ್ ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಮುರ್ಡೇಶ್ವರ, ಗೋಕರ್ಣದ ಪ್ರವಾಸಿಗರೇ ಇವುಗಳ ಗಿರಾಕಿಗಳು. ಬೋರ್ಡಿನಲ್ಲಿ ‘ವೆಜ್ ಅಂಡ್ ನಾನ್‌ವೆಜ್’ ಎಂದು ಬರೆದಿರುತ್ತದೆ. ‘ವೆಜ್ ಬೇರೆ ಮಾಡ್ತೇವೆ, ನೀವು ಕೂತ್ಕೊಳ್ಳಿ’ ಎಂಬ ಭರವಸೆಯೂ ಸಿಗುತ್ತದೆ.

ಬೇರೆ ಅಂದರೆ ಎಷ್ಟು ಬೇರೆ? ಬಾಣಲೆ ಬೇರೆಯೇ, ಎಣ್ಣೆ ಬೇರೆಯೇ, ಸೌಟು ಬೇರೆಯೇ? ಮನೆಯ ಹಿರಿಯರು ಸಾಮಾನ್ಯವಾಗಿ ಕೇಳುವುದು ಇಷ್ಟು. ಇದು ಸರಿಯಾದ ಪ್ರಶ್ನೆಯೇ. ಆದರೆ ಇದರ ಹಿಂದೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ: ಆ ಇನ್ನೊಂದು ಬಾಣಲೆಗೆ ಬಿದ್ದ ಜೀವ ಎಲ್ಲಿಂದ ಬಂತು? ತಾನು ತಿನ್ನದ ಮಾಂಸದ ಮೂಲದ ಬಗ್ಗೆ ಜೈನನಿಗೆ ಏನು ಕೆಲಸ ಎಂದು ಮೊದಲ ನೋಟಕ್ಕೆ ಅನ್ನಿಸಬಹುದು.

ಬಣ್ಣ ಪರೀಕ್ಷೆಯಾಯಿತು, ಬಾಣಲೆ ಆಗಲಿಲ್ಲ

2024ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣ ಬಳಕೆಗೆ ರಾಜ್ಯದಾದ್ಯಂತ ನಿಷೇಧ ಪ್ರಕಟಿಸಿದರು. ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಕಂಡುಬಂದಿದ್ದವು. ಜೂನ್‌ನಲ್ಲಿ ಇದೇ ನಿಷೇಧ ಕಬಾಬ್‌ಗಳಿಗೂ ವಿಸ್ತರಿಸಿತು. ಸಸ್ಯಾಹಾರಿ ಕಬಾಬ್, ಕೋಳಿ ಕಬಾಬ್, ಮೀನಿನ ಕಬಾಬ್ ಮೂರೂ ಒಂದೇ ಆದೇಶದಲ್ಲಿ ಬಂದವು. ಅಂಗಡಿಯಲ್ಲೂ ಅವು ಹೆಚ್ಚಾಗಿ ಒಂದೇ ಒಲೆಯ ಆಸುಪಾಸಿನಲ್ಲೇ ಇರುತ್ತವೆ.

ಸರ್ಕಾರ ಎಚ್ಚೆತ್ತದ್ದು ಒಳ್ಳೆಯದೇ. ಆದರೆ ಪ್ರಯೋಗಾಲಯ ನೋಡಿದ್ದು ಬಣ್ಣವನ್ನು. ಕೋಳಿ ಕರಿದ ಎಣ್ಣೆಯಲ್ಲೇ ಗೋಬಿ ಕರಿದರೆ ಅದು ಆ ಪರೀಕ್ಷೆಯಲ್ಲಿ ತಪ್ಪಾಗಿ ಕಾಣುವುದಿಲ್ಲ. ಕರಿದ ಎಣ್ಣೆಯ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಒಂದಿದೆ. 2018ರ ಜುಲೈನಿಂದ ಜಾರಿಯಲ್ಲಿರುವ ಅದರ ಪ್ರಕಾರ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ‘ಪೋಲಾರ್’ ಸಂಯುಕ್ತಗಳು ಶೇ. 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ಅದೂ ಆರೋಗ್ಯದ ಲೆಕ್ಕವೇ.

ಸಸ್ಯಾಹಾರ-ಮಾಂಸಾಹಾರ ಗುರುತಿನ ಕಾನೂನು ಇದಕ್ಕಿಂತ ಸ್ವಲ್ಪ ಹತ್ತಿರ ಬರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಎಲ್ಲರಿಗೂ ಗೊತ್ತು. 2020ರ ನಿಯಮಾವಳಿಯಲ್ಲಿ ಮಾಂಸಾಹಾರದ ಕಂದು ಚುಕ್ಕೆ ಕಂದು ತ್ರಿಕೋನವಾಯಿತು, ಬಣ್ಣ ಗುರುತಿಸಲಾಗದವರಿಗೂ ತಿಳಿಯಲಿ ಎಂದು. ಹಳೆಯ ಚುಕ್ಕೆಗೇ ಒಗ್ಗಿಕೊಂಡ ಅಜ್ಜ-ಅಜ್ಜಿಯರಿಗೆ ಮನೆಯಲ್ಲಿ ಇದನ್ನು ಒಮ್ಮೆ ತೋರಿಸಿಡುವುದು ಒಳ್ಳೆಯದು. ಅದೇ ನಿಯಮಾವಳಿ ಹೋಟೆಲುಗಳ ಮೆನುವಿನ ಮೇಲೂ ಗುರುತು ಇರಬೇಕೆನ್ನುತ್ತದೆ. ಆದರೆ ಅದು ಅನ್ವಯಿಸುವುದು ಕೇಂದ್ರ ಲೈಸೆನ್ಸ್ ಪಡೆದ ಅಥವಾ ಹತ್ತು ಮತ್ತು ಹೆಚ್ಚು ಕಡೆ ಮಳಿಗೆ ಇರುವ ಸಂಸ್ಥೆಗಳಿಗೆ. ಕಾಸರಕೋಡು ತಿರುವಿನ ತಳ್ಳುಗಾಡಿಗೆ ಅದು ಮುಟ್ಟುವುದಿಲ್ಲ.

ದೊಡ್ಡ ಕಂಪನಿಗಳಾದರೆ ನಿಶ್ಚಿಂತೆ ಎಂದೂ ಹೇಳಲಾಗದು. ಅಮೆರಿಕದ ಮೆಕ್‌ಡೊನಾಲ್ಡ್ಸ್ 1990ರಲ್ಲಿ ತನ್ನ ಆಲೂ ಫ್ರೈಸ್ ಕರಿಯಲು ಸಸ್ಯಜನ್ಯ ಎಣ್ಣೆಗೆ ಬದಲಾಗುವುದಾಗಿ ಸಾರಿತ್ತು. ಅಲ್ಲಿನ ಹಿಂದೂ, ಜೈನ ಕುಟುಂಬಗಳು ನಂಬಿ ತಿಂದವು. ಆ ಫ್ರೈಸ್‌ಗೆ ಗೋಮಾಂಸದಿಂದ ತೆಗೆದ ರುಚಿಕಾರಕ ಸೇರಿಸುತ್ತಿದ್ದುದು ಹೊರಬಿದ್ದದ್ದು 2001ರಲ್ಲಿ, ಸಿಯಾಟಲ್‌ನ ವಕೀಲ ಹರೀಶ್ ಭಾರ್ತಿ ಮೊಕದ್ದಮೆ ಹೂಡಿದಾಗ. ಮರುವರ್ಷ ಕಂಪನಿ 1 ಕೋಟಿ ಡಾಲರ್ ಕೊಡಲು ಒಪ್ಪಿ ಕ್ಷಮೆ ಕೇಳಿತು. ಭಾರತದ ಮಳಿಗೆಗಳಲ್ಲಿ ಅಂಥ ಪದಾರ್ಥ ಬಳಸುವುದಿಲ್ಲ ಎಂದು ಕಂಪನಿ ಸ್ಪಷ್ಟಪಡಿಸಿತು. ಇಲ್ಲಿ ಅದು ಸಸ್ಯಾಹಾರಕ್ಕೂ ಮಾಂಸಾಹಾರಕ್ಕೂ ಅಡುಗೆಯ ಸಾಲುಗಳನ್ನೇ ಬೇರೆ ಇಟ್ಟು ಬಂದಿದೆ.

ಈ ಸಾಲಿನಲ್ಲಿ ಗಮನಿಸಬೇಕಾದ ಇನ್ನೊಂದು ದಿಲ್ಲಿ ಹೈಕೋರ್ಟಿನ 2021ರ ಡಿಸೆಂಬರ್ ಆದೇಶ. ರಾಮ್ ಗೌ ರಕ್ಷಾ ದಳದ ಅರ್ಜಿಯ ಮೇಲೆ ನ್ಯಾಯಾಲಯ, ಆಹಾರದ ಪ್ರತಿಯೊಂದು ಅಂಶವೂ ಸಸ್ಯಮೂಲದ್ದೋ ಪ್ರಾಣಿಮೂಲದ್ದೋ ಎಂಬುದನ್ನು ತಯಾರಕರು ಪೂರ್ತಿ ಬಹಿರಂಗಪಡಿಸಬೇಕು, ಪ್ರಾಣಿಮೂಲದ ಅಂಶ ಎಷ್ಟೇ ಸಣ್ಣ ಪ್ರಮಾಣದಲ್ಲಿದ್ದರೂ ಆಹಾರ ಮಾಂಸಾಹಾರವೇ ಆಗುತ್ತದೆ ಎಂದಿತು. ಅಲ್ಲಿ ಚರ್ಚೆಗೆ ಬಂದದ್ದು ಚಿಪ್ಸ್, ನೂಡಲ್ಸ್ ಮಸಾಲೆಗಳಲ್ಲಿ ರುಚಿ ಹೆಚ್ಚಿಸಲು ಹಾಕುವ ಇ631 ಎಂಬ ಪದಾರ್ಥ; ಅದನ್ನು ಮಾಂಸದಿಂದಲೂ ಮೀನಿನಿಂದಲೂ ತೆಗೆಯಬಹುದು, ಸಸ್ಯಮೂಲದಿಂದಲೂ ಮಾಡಬಹುದು. ಸಂಖ್ಯೆ ಮಾತ್ರ ಒಂದೇ. ಚೀಸ್ ಹೆಪ್ಪುಗಟ್ಟಿಸುವ ರೆನೆಟ್ ಕಥೆಯೂ ಹೀಗೇ: ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇದೆ, ಸೂಕ್ಷ್ಮಜೀವಿಗಳಿಂದ ಮಾಡಿದ್ದೂ ಇದೆ. ಬರ್ಗರ್, ಶವರ್ಮಾಕ್ಕೆ ಬಳಿಯುವ ಮಯೊನೀಸ್ ಮೊಟ್ಟೆಯದೂ ಇರಬಹುದು, ಮೊಟ್ಟೆಯಿಲ್ಲದ್ದೂ ಇರಬಹುದು. ತಳ್ಳುಗಾಡಿಯವನು ಡಬ್ಬಿಯ ಮೇಲಿನ ಚುಕ್ಕೆ ತೋರಿಸಿದರೆ ಮಾತ್ರ ಗೊತ್ತಾಗುವ ವಿಷಯ ಇದು.

ಐದು ಅತಿಚಾರ, ಒಂದು ಕೋಳಿ

ತಟ್ಟೆಯ ಶುದ್ಧಿಯ ಮಾತು ಇಲ್ಲಿಗೆ ನಿಲ್ಲಲಿ. ಮೂಲದ ಮಾತಿಗೆ ಬರುವಾಗ ಆಚಾರ್ಯ ಸಮಂತಭದ್ರರ ರತ್ನಕರಂಡ ಶ್ರಾವಕಾಚಾರವನ್ನು ಬಿಟ್ಟು ಮುಂದೆ ಹೋಗಲಾಗದು. ಗೃಹಸ್ಥನ ಅಹಿಂಸಾಣುವ್ರತ ಎಂದರೇನು ಎಂದು ಹೇಳುವಾಗ ಅವರು ತ್ರಸಜೀವಿಗಳನ್ನು ಸಂಕಲ್ಪಪೂರ್ವಕ ಕೊಲ್ಲದಿರುವುದನ್ನು ಮನ-ವಚನ-ಕಾಯಗಳಿಗೂ, ತಾನು ಮಾಡುವುದು, ಮಾಡಿಸುವುದು, ಒಪ್ಪುವುದು ಎಂಬ ಮೂರಕ್ಕೂ ವಿಸ್ತರಿಸುತ್ತಾರೆ. ಕೃತ, ಕಾರಿತ, ಅನುಮೋದನ. ತಟ್ಟೆಯ ಪ್ರಶ್ನೆ ಮುಟ್ಟುವುದು ಮೊದಲನೆಯದನ್ನು ಮಾತ್ರ. ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಉಳಿದೆರಡನ್ನು ಮುಟ್ಟುತ್ತದೆ.

ಅದೇ ಗ್ರಂಥ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಛೇದನ, ಬಂಧನ, ಪೀಡನ, ಅತಿಭಾರಾರೋಪಣ, ಆಹಾರವಾರಣ. ಅಂಗ ಕತ್ತರಿಸುವುದು, ಕಟ್ಟಿಹಾಕುವುದು, ಹಿಂಸಿಸುವುದು, ಮಿತಿಮೀರಿ ಭಾರ ಹೇರುವುದು, ಮೇವು-ನೀರು ತಡೆಯುವುದು. ಇವುಗಳಲ್ಲಿ ಒಂದೂ ಕೊಲೆಯಲ್ಲ ಎಂಬುದನ್ನು ಗಮನಿಸಬೇಕು. ಕೊಲ್ಲುವುದಕ್ಕೆ ಮೊದಲು, ಕೊಲ್ಲದೆಯೂ, ಪ್ರಾಣಿಗೆ ಆಗುವ ಕಷ್ಟಗಳ ಪಟ್ಟಿ ಇದು. ಎತ್ತು-ಕುದುರೆಗಳ ಕಾಲದಲ್ಲಿ ಬರೆದ ಈ ಪಟ್ಟಿ ಇಂದಿನ ಕೋಳಿ ಉದ್ಯಮಕ್ಕೆ ಹೊಂದುವಷ್ಟು ಇನ್ನಾವುದಕ್ಕೂ ಹೊಂದುವುದಿಲ್ಲ.

ಫಾಸ್ಟ್‌ಫುಡ್ ಅಂಗಡಿಯ ಮಾಂಸವೆಂದರೆ ಮುಖ್ಯವಾಗಿ ಬ್ರಾಯ್ಲರ್ ಕೋಳಿ. ದೇಶದ ಒಟ್ಟು ಮಾಂಸ ಉತ್ಪಾದನೆಯಲ್ಲಿ ಅರ್ಧದಷ್ಟು ಕೋಳಿಯದೇ. 2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿ-ಬಾತುಗಳ ಸಂಖ್ಯೆ 85 ಕೋಟಿ ದಾಟಿತ್ತು. ಹಲವು ವರ್ಷ ಬದುಕಬಲ್ಲ ಹಕ್ಕಿಯನ್ನು ಸುಮಾರು 40 ದಿನಗಳಲ್ಲಿ ಎರಡು ಕಿಲೋ ತೂಗುವಂತೆ ಬೆಳೆಸುತ್ತಾರೆ. ಎಷ್ಟೋ ಹಕ್ಕಿಗಳಿಗೆ ತಮ್ಮ ಕಾಲೇ ತಮ್ಮ ದೇಹವನ್ನು ಹೊರಲಾಗುವುದಿಲ್ಲ. ಇಲ್ಲಿ ಹೊರಗಿನಿಂದ ಭಾರ ಹೇರಿದವರು ಯಾರೂ ಇಲ್ಲ, ದೇಹವನ್ನೇ ಅತಿಭಾರವಾಗುವಂತೆ ತಳಿ ಮಾಡಲಾಗಿದೆ. ಮೊಟ್ಟೆಕೋಳಿಗಳ ಕೊಕ್ಕಿನ ತುದಿ ಕತ್ತರಿಸುತ್ತಾರೆ, ರೆಕ್ಕೆ ಬಿಚ್ಚಲೂ ಆಗದ ತಂತಿ ಪಂಜರದಲ್ಲಿಡುತ್ತಾರೆ. ಲಾರಿಗೆ ತುಂಬುವ ಮೊದಲು ಮೇವು ನಿಲ್ಲಿಸುತ್ತಾರೆ. ಮುಂಜಾನೆ ಹೆದ್ದಾರಿಯಲ್ಲಿ ಪ್ಲಾಸ್ಟಿಕ್ ಬುಟ್ಟಿಗಳನ್ನು ಪೇರಿಸಿಕೊಂಡು ಹೋಗುವ ಆ ಲಾರಿಗಳನ್ನು ನೋಡದವರಿಲ್ಲ. ಅತಿಚಾರಗಳ ಪಟ್ಟಿಯಲ್ಲಿ ಬಿಟ್ಟುಹೋದದ್ದು ಒಂದೂ ಇಲ್ಲ.

ಇದು ಜೈನರೊಬ್ಬರ ಮಾತಲ್ಲ. ಮೊಟ್ಟೆಕೋಳಿ ಮತ್ತು ಬ್ರಾಯ್ಲರ್‌ಗಳ ಸಾಕಣೆ, ಸಾಗಾಟದ ಬಗ್ಗೆಯೇ ಕೇಂದ್ರದ ಕಾನೂನು ಆಯೋಗ 2017ರಲ್ಲಿ ತನ್ನ 269ನೇ ವರದಿಯನ್ನು ಕೊಟ್ಟಿತು. ಅದೇ ವರ್ಷ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬಹುರಾಷ್ಟ್ರೀಯ ಫಾಸ್ಟ್‌ಫುಡ್ ಕಂಪನಿಗಳ ಮೇಲೆ ಒಂದು ಗಂಭೀರ ಆರೋಪ ಮಾಡಿತು: ಕೋಳಿಗೆ ಕೊಡುವ ಆ್ಯಂಟಿಬಯೋಟಿಕ್ ಕಡಿಮೆ ಮಾಡುವುದಾಗಿ ಅಮೆರಿಕದಲ್ಲಿ ಕಾಲಮಿತಿಯ ವಾಗ್ದಾನ ಕೊಟ್ಟವರು ಭಾರತದಲ್ಲಿ ಅದೇ ವಾಗ್ದಾನ ಕೊಟ್ಟಿಲ್ಲ ಎಂದು. ಎರಡು ವರ್ಷದ ಬಳಿಕ, 2019ರ ಜುಲೈನಲ್ಲಿ, ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಔಷಧವನ್ನು ಪ್ರಾಣಿ ಸಾಕಣೆಯಲ್ಲಿ ಬಳಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು.

ಕರಾವಳಿಯಲ್ಲಿ ಈ ಸರಪಳಿ ಕಡಲಿಗೂ ಇಳಿಯುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕಿನ ತದಡಿ ಮೂರೂ ಮೀನುಗಾರಿಕೆ ಬಂದರುಗಳು. ಮೀನು ಮರಿ ಹಾಕುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆದರೂ ಟ್ರಾಲ್ ಬಲೆಯಲ್ಲಿ ತಿನ್ನಲು ಬಾರದ ಸಣ್ಣ ಮೀನು, ಮರಿಮೀನು ರಾಶಿ ಬೀಳುತ್ತವೆ. ದಕ್ಷಿಣದ ಉಳ್ಳಾಲ, ಮುಕ್ಕದಂಥ ಕಡೆಗಳ ಕಾರ್ಖಾನೆಗಳಲ್ಲಿ ಇಂಥ ಮೀನು ಒಣಗಿ ಪುಡಿಯಾಗುತ್ತದೆ. ಒಂದು ಟನ್ ಮೀನಿನ ಪುಡಿಗೆ ನಾಲ್ಕರಿಂದ ಐದು ಟನ್ ಹಸಿ ಮೀನು ಬೇಕು. ಪುಡಿಯ ದೊಡ್ಡ ಪಾಲು ಸಿಗಡಿ ಮತ್ತು ಮೀನು ಸಾಕಣೆಗೆ ಹೋಗುತ್ತದೆ, ಒಂದು ಪಾಲು ಕೋಳಿ ಆಹಾರಕ್ಕೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಒಂದು ಕಾಲಕ್ಕೆ ಕಗ್ಗ ಭತ್ತ ಬೆಳೆಯುತ್ತಿದ್ದ ಜಾಗದಲ್ಲೂ ಸಿಗಡಿ ಹೊಂಡಗಳು ಬಂದಿವೆ. ಒಂದು ತಟ್ಟೆ ಚಿಕನ್ ಕಬಾಬ್‌ನಲ್ಲಿ ಒಂದು ಜೀವ ಹೋಯಿತೆಂದು ಎಣಿಸುವುದು ಕಡಿಮೆ ಲೆಕ್ಕವೇ ಸರಿ.

ಮಾಂಸದ ಮೂಲ ಕೇಳುವುದು, ಸುಳ್ಳು ಹೇಳದೆ ಕೇಳುವುದು

2025ರ ಜನವರಿಯಲ್ಲಿ ಹೊನ್ನಾವರ ತಾಲೂಕಿನ ಸಾಲ್ಕೋಡಿನಲ್ಲಿ ಮೇಯಲು ಹೋಗಿದ್ದ ಗಬ್ಬದ ಹಸುವನ್ನು ಕೊಂದು ಮಾಂಸ ಸಾಗಿಸಿದ ಪ್ರಕರಣ ಇಡೀ ರಾಜ್ಯದ ಮನ ಕಲಕಿತು. ಹಸುವನ್ನು ಮನೆಯ ಮಗಳಂತೆ ಸಾಕಿದವರ ಸಂಕಟಕ್ಕೆ ಯಾವ ವಿಶ್ಲೇಷಣೆಯೂ ಪರಿಹಾರವಲ್ಲ. ಕಾನೂನಿನ ಮಟ್ಟಿಗೆ ಇಲ್ಲಿ ಗೊಂದಲವೇ ಇಲ್ಲ. 2021ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಗೋಹತ್ಯೆ ನಿಷೇಧ ಕಾಯ್ದೆ ಹಸು, ಕರು, ಎತ್ತು, ಹೋರಿಗಳ ವಧೆಯನ್ನು ನಿಷೇಧಿಸುತ್ತದೆ; ಮೂರರಿಂದ ಏಳು ವರ್ಷ ಜೈಲು, ಒಂದು ಜಾನುವಾರಿಗೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಅದಕ್ಕೂ ಮೊದಲೇ, 2001ರ ಕಸಾಯಿಖಾನೆ ನಿಯಮಗಳು ಗಬ್ಬದ ಪ್ರಾಣಿಯನ್ನೂ ಮೂರು ತಿಂಗಳೊಳಗಿನ ಮರಿಯಿರುವ ತಾಯಿಯನ್ನೂ ಕಡಿಯಬಾರದು, ಲೈಸೆನ್ಸ್ ಇಲ್ಲದ ಕಡೆ ಕಡಿಯಲೇಬಾರದು ಎನ್ನುತ್ತವೆ.

ಇಲ್ಲಿ ಇನ್ನೊಂದು ಅಂಶ ಹೆಚ್ಚು ಚರ್ಚೆಯಾಗಲಿಲ್ಲ: ಅದು ಕದ್ದ ಹಸು. ಸಮಂತಭದ್ರರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕದ್ದ ವಸ್ತುವನ್ನು ಸ್ವೀಕರಿಸುವುದನ್ನೂ ಸೇರಿಸಿದ್ದಾರೆ. ಮೂಲ ಕೇಳದೆ ಅಗ್ಗಕ್ಕೆ ಸಿಕ್ಕ ಮಾಂಸ ಕೊಳ್ಳುವವನು ಮಾಂಸಾಹಾರಿಯೇ ಆಗಿರಲಿ, ಆ ಕಳ್ಳತನದ ಸರಪಳಿಯ ಕೊನೆಯ ಕೊಂಡಿ ಅವನೇ. ಯಾವ ಅಂಗಡಿ ಯಾರಿಂದ, ಯಾವ ಲೈಸೆನ್ಸಿನ ಕಡೆಯಿಂದ ಮಾಂಸ ಕೊಂಡಿತು ಎಂಬ ರಸೀದಿಯನ್ನು ಇಟ್ಟುಕೊಂಡಿರಬೇಕು, ಕೇಳಿದ ಅಧಿಕಾರಿಗೆ ತೋರಿಸಬೇಕು ಎಂಬ ಬೇಡಿಕೆಗೆ ಮಾಂಸ ತಿನ್ನುವವರ ಬೆಂಬಲವೂ ಸಿಗುವುದು ಇದೇ ಕಾರಣಕ್ಕೆ. ಭಟ್ಕಳದಲ್ಲಾಗಲಿ ಕುಮಟಾದಲ್ಲಾಗಲಿ ನ್ಯಾಯವಾಗಿ ವ್ಯಾಪಾರ ಮಾಡುವ ಹೋಟೆಲಿನವನಿಗೆ ಅದರಿಂದ ನಷ್ಟವೇನೂ ಇಲ್ಲ.

ಆದರೆ ಮೂಲ ಕೇಳುವುದಕ್ಕೂ ಮೂಲದ ಬಗ್ಗೆ ಗುಲ್ಲೆಬ್ಬಿಸುವುದಕ್ಕೂ ವ್ಯತ್ಯಾಸವಿದೆ. 2024ರ ಜುಲೈ 26ರಂದು ರಾಜಸ್ಥಾನದಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಿಳಿದ ಮಾಂಸದ ಪೆಟ್ಟಿಗೆಗಳಲ್ಲಿ ನಾಯಿ ಮಾಂಸವಿದೆ, ಅದು ನಗರದ ಹೋಟೆಲುಗಳಿಗೆ ಹೋಗುತ್ತಿದೆ ಎಂಬ ಆರೋಪ ನಿಲ್ದಾಣದಲ್ಲೇ ಗಲಾಟೆಗೆ ಕಾರಣವಾಯಿತು. ಬಾಲ ಉದ್ದ ಇದೆ ಎಂಬುದೇ ಸಾಕ್ಷಿ. ವಿಡಿಯೊ ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಕೇಂದ್ರದ ಪರೀಕ್ಷೆಯಲ್ಲಿ ಅದು ಕುರಿ-ಮೇಕೆ ಜಾತಿಯ ಮಾಂಸವೇ ಎಂದು ಖಚಿತವಾಯಿತು; ಆ ಕಡೆಯ ಸಿರೋಹಿ ತಳಿಯ ಮೇಕೆಗೆ ಬಾಲ ಸ್ವಲ್ಪ ಉದ್ದ. ಅಷ್ಟು ದೂರದಿಂದ ಬರುವ ಮಾಂಸವನ್ನು ಎಷ್ಟು ತಂಪಿನಲ್ಲಿ ತಂದರು, ಪ್ರಾಣಿಗಳನ್ನು ಎಲ್ಲಿ ಕಡಿದರು ಎಂಬ ನಿಜವಾದ ಪ್ರಶ್ನೆಗಳು ಆ ಗದ್ದಲದಲ್ಲಿ ಮುಳುಗಿಹೋದವು.

ಅಹಿಂಸೆಯ ಪರವಾಗಿ ಎಂದುಕೊಂಡು ಆ ವಿಡಿಯೊ ಮುಂದೆ ಕಳಿಸಿದವರಲ್ಲಿ ಜೈನರೂ ಇದ್ದರೆ ಅಚ್ಚರಿಯಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಪರಿವಾದ, ಪೈಶೂನ್ಯ, ಕೂಟಲೇಖಕರಣ ಎಂಬವಿವೆ: ನಿಂದೆ, ಚಾಡಿ, ಸುಳ್ಳು ಬರಹ. ಫಾರ್ವರ್ಡ್ ಗುಂಡಿ ಒತ್ತುವಾಗ ಮೂರೂ ಒಟ್ಟಿಗೆ ಆಗಬಹುದು. ಭಟ್ಕಳದಂಥ, ಸಣ್ಣ ಸುದ್ದಿಯೂ ಬೇಗ ಕಾವೇರುವ ಊರಿನಲ್ಲಿ ಅದರ ಫಲ ಉಣ್ಣುವವರು ನೂರಾರು ಮೈಲಿ ಆಚೆ ಕೂತು ಕಳಿಸಿದವರಲ್ಲ. ಹಸುವಿನ ವಿಷಯ ಬಂದಾಗ ಮಾತ್ರ ಕೆರಳಿ, ಬುಟ್ಟಿಯೊಳಗಿನ ಕೋಳಿ ಮತ್ತು ಬಲೆಯೊಳಗಿನ ಮರಿಮೀನಿನ ವಿಷಯದಲ್ಲಿ ಸುಮ್ಮನಿರುವುದು ಜಿನಧರ್ಮದ ಅಹಿಂಸೆಯಂತೂ ಅಲ್ಲ. ಅಲ್ಲಿ ಜೀವಿಗಳಿಗೆ ಜಾತಿಯಿಲ್ಲ, ಕೊಂದವನ ಜಾತಿಯೂ ಲೆಕ್ಕಕ್ಕಿಲ್ಲ.

ಕಾನೂನಿನ ಮೂಲಕ ಸಿಕ್ಕ ಗೆಲುವುಗಳ ಮಿತಿಯೂ ತಿಳಿದಿರಬೇಕು. ಪರ್ಯೂಷಣದ ಒಂಬತ್ತು ದಿನ ಅಹಮದಾಬಾದಿನ ಕಸಾಯಿಖಾನೆಗಳನ್ನು ಮುಚ್ಚಿಸಿದ್ದನ್ನು ಸುಪ್ರೀಂ ಕೋರ್ಟ್ 2008ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಮಹಾವೀರ ಜಯಂತಿಯಂದು ಬೆಂಗಳೂರಿನಲ್ಲೂ ಮಾಂಸ ಮಾರಾಟ ನಿಲ್ಲುತ್ತದೆ. ಸಮಾಜಕ್ಕೆ ಇದು ಗೌರವದ ವಿಷಯ. ಆದರೆ ಫಾಸ್ಟ್‌ಫುಡ್ ನಡೆಯುವುದು ಫ್ರೀಜರ್ ಮೇಲೆ. ಜಯಂತಿಯ ದಿನ ಕಡಿಯದ ಕೋಳಿಯನ್ನು ಹಿಂದಿನ ದಿನ ಕಡಿದಿರುತ್ತಾರೆ.

ಸಮಾಜದೊಳಗಿನ ಲೆಕ್ಕ

ಕಾರಿತ, ಅನುಮೋದನ ಎಂಬ ಮಾತು ಹೊರಗಿನವರಿಗಷ್ಟೇ ಅಲ್ಲ. ಪೇಟೆಯಲ್ಲಿ ಕಟ್ಟಡವಿರುವ ಜೈನ ಕುಟುಂಬದ ಮುಂದೆ ಫಾಸ್ಟ್‌ಫುಡ್ ಮಳಿಗೆಯವರು ಬಾಡಿಗೆ ಕೇಳಿಕೊಂಡು ಬರುತ್ತಾರೆ, ಬೇರೆಯವರಿಗಿಂತ ಹೆಚ್ಚು ಬಾಡಿಗೆ ಕೊಡಲು ಸಿದ್ಧರಿರುತ್ತಾರೆ. ಕೆಲವರು ಒಪ್ಪುವುದಿಲ್ಲ. ಕೆಲವರು ಕರಾರಿನಲ್ಲಿ ಸಸ್ಯಾಹಾರ ಮಾತ್ರ ಎಂದು ಬರೆಸಿಕೊಳ್ಳುತ್ತಾರೆ. ಮ್ಯೂಚುವಲ್ ಫಂಡ್ ಮೂಲಕ ಅದೇ ಕಂಪನಿಗಳ ಷೇರು ಮನೆಗೆ ಬಂದಿರುವುದು ಎಷ್ಟೋ ಜನರಿಗೆ ಗೊತ್ತೂ ಇರುವುದಿಲ್ಲ.

ಇದಕ್ಕಿಂತ ಕಷ್ಟದ್ದು ರೈತರ ವಿಷಯ. ಉತ್ತರ ಕರ್ನಾಟಕದ ಜೈನರಲ್ಲಿ ಹೆಚ್ಚಿನವರು ಒಕ್ಕಲು ಮನೆತನದವರು. ಗೋವಿನಜೋಳ, ಸೋಯಾಬೀನ್ ಬೆಳೆಯುತ್ತಾರೆ. ಇವೆರಡೂ ಕೋಳಿ ಆಹಾರದ ಮುಖ್ಯ ಸರಕು. ಗೋವಿನಜೋಳದ ದರ ಏರುವುದೂ ಇಳಿಯುವುದೂ ಬಹುಮಟ್ಟಿಗೆ ಕೋಳಿ ಉದ್ಯಮದ ಬೇಡಿಕೆಯ ಮೇಲೆ. ಎಪಿಎಂಸಿಯಲ್ಲಿ ಚೀಲ ತೂಗಿದ ಮೇಲೆ ಅದು ಎಲ್ಲಿಗೆ ಹೋಯಿತೆಂದು ರೈತ ಹೇಗೆ ತಿಳಿಯಬೇಕು? ಶಾಸ್ತ್ರ ಇದನ್ನು ಉದ್ಯೋಗೀ ಹಿಂಸೆ ಎಂದು ಬೇರೆ ಇಡುತ್ತದೆ, ಸಂಕಲ್ಪೀ ಹಿಂಸೆಯ ಸಾಲಿಗೆ ಹಾಕುವುದಿಲ್ಲ. ಹೊಟ್ಟೆಪಾಡಿಗೆ ಜೋಳ ಬೆಳೆದವನನ್ನೂ ಹೆಚ್ಚಿನ ಬಾಡಿಗೆಗಾಗಿ ಮಳಿಗೆ ಕೊಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಚಾತುರ್ಮಾಸದ ಪ್ರವಚನಗಳಲ್ಲಿ ರಾತ್ರಿಭೋಜನ, ಕಂದಮೂಲಗಳ ಬಗ್ಗೆ ಕೇಳುವಷ್ಟು ಪ್ರಶ್ನೆಗಳನ್ನು ಶ್ರಾವಕರು ಈ ವ್ಯತ್ಯಾಸದ ಬಗ್ಗೆಯೂ ಮುನಿ ಮಹಾರಾಜರಲ್ಲಿ, ಭಟ್ಟಾರಕ ಸ್ವಾಮೀಜಿಯವರಲ್ಲಿ ಕೇಳಬಹುದು.

ಹೆದ್ದಾರಿಯ ಊಟಕ್ಕೆ ಮಾತ್ರ ಅಷ್ಟು ಕಾಯಬೇಕಿಲ್ಲ. ಪೂರ್ತಿ ಸಸ್ಯಾಹಾರಿಯಾದ ಹಳೆಯ ಹೋಟೆಲುಗಳು ಮೂರೂ ಊರುಗಳಲ್ಲಿ ಇನ್ನೂ ಇವೆ. ಹಣ ಆ ಗಲ್ಲಾಪೆಟ್ಟಿಗೆಗೆ ಬಿದ್ದರೆ ಕಾರಿತ-ಅನುಮೋದನದ ಪ್ರಶ್ನೆ ಅರ್ಧ ಅಲ್ಲೇ ಮುಗಿಯುತ್ತದೆ. ಐವತ್ತು ಜನರ ಯಾತ್ರೆಯ ಬಸ್ಸು ಸಂಜೆ ಐದಕ್ಕೆ ಬರುತ್ತದೆ, ಈರುಳ್ಳಿ-ಬೆಳ್ಳುಳ್ಳಿ-ಆಲೂಗಡ್ಡೆ ಇಲ್ಲದ ಅನ್ನ, ತೊವ್ವೆ, ಒಂದು ಪಲ್ಯ ಬೇಕು ಎಂದು ಹಿಂದಿನ ದಿನವೇ ಫೋನ್ ಮಾಡಿದರೆ ಬೇಡ ಎನ್ನುವ ಹೋಟೆಲಿನವರು ಕಡಿಮೆ. ಫಾಸ್ಟ್‌ಫುಡ್ ಬೇಕೆಂದು ಹಟ ಹಿಡಿದ ಮಕ್ಕಳಿಗೂ ಅಲ್ಲಿ ಗೋಳಿಬಜೆ ಸಿಗುತ್ತದೆ, ಆ ಬಾಣಲೆಯಲ್ಲಿ ಬೇರೇನೂ ಬಿದ್ದಿರುವುದಿಲ್ಲ.